ಮಾವನ ಬೆಳದಿಂಗಳ ಮಾತು

ಜಾಮ್ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವ ಮಾವ ದಿನವಿಡೀ ನಾಲ್ಕು ಮಾತಾಡಿದರೆ ಹೆಚ್ಚು. ಅದರಲ್ಲಿ ಮೂರು ಬಾಯ್ಲರಿಗೆ. ನಮ್ಮ ಯಾರ ಸೋದರಮಾವನೂ ಅಲ್ಲ, ಆದರೂ ಎಲ್ಲರಿಗೂ ಮಾವ. ನಾನು ಅಲ್ಲೇ ಬಾಟಲಿಗಳಿಗೆ ಲೇಬಲ್ ಅಂಟಿಸುವವನು, ಮೂರಕ್ಕೊಂದು ಸೊಟ್ಟಗೆ.

ಸಂಜೆಪಾಳಿ ಮುಗಿಸಿ ಆರೇಳು ಮಂದಿ ಕಾಡಂಚಿನ ಒಂದೂವರೆ ಮೈಲಿ ನಡೆದು ಮನೆ ಸೇರಬೇಕು. ಕರಡಿ ಓಡಾಡುವ ದಾರಿ. ಕತ್ತಲ ದಿನಗಳಲ್ಲಿ ನಾವು ಟಾರ್ಚ್ ಬೀಸುತ್ತ ಗಲಾಟೆ ಮಾಡಿಕೊಂಡು ಹೋಗುತ್ತಿದ್ದೆವು, ಮಾವ ಮೌನ. ಬೆಳದಿಂಗಳು ಬಿತ್ತೆಂದರೆ ಟಾರ್ಚ್ ಜೇಬಿಗಿಳಿಸಿ ನಾವು ಮೌನ, ಮಾವ ಶುರು. ಮಂಡಿನೋವು, ಹೆಂಡತಿ ಕಳೆದುಕೊಂಡ ಕನ್ನಡಕ, ಮತ್ತೆ ಮಂಡಿನೋವು. ಊಟದ ಬಿಡುವಿನಲ್ಲಿ ಮಾವ, "ರಾತ್ರಿ ಮಾತಿಗೆ ಏನಾದರೂ ವಿಷಯವಿದ್ದರೆ ಹೇಳಪ್ಪ, ನನ್ನದು ಖಾಲಿಯಾಗಿದೆ" ಎಂದು ನನ್ನನ್ನು ಕೇಳಿದ್ದೂ ಉಂಟು. ವಯಸ್ಸಾಯಿತು ಪಾಪ ಎಂದುಕೊಂಡಿದ್ದೆ.

ಒಂದು ಹುಣ್ಣಿಮೆ. ಮಾವನ ಕಥೆಯಲ್ಲಿ ಕನ್ನಡಕ ಮೂರನೇ ಸಲ ಕಳೆದಾಗ ತಡೆಯಲಾಗದೆ ಬಿರಬಿರನೆ ಮುಂದೆ ನಡೆದುಬಿಟ್ಟೆ. ರಸ್ತೆ ಹಾಲು ಚೆಲ್ಲಿದಂತಿತ್ತು. ಎದೆಯಲ್ಲಿ ಕವಿತೆಯಂಥದ್ದೇನೋ ಉಕ್ಕುತ್ತಿತ್ತು. ಅಷ್ಟರಲ್ಲಿ ತಿರುವಿನ ಪೊದೆಯ ನೆರಳಿನಿಂದ ಇನ್ನೊಂದು ನೆರಳು ಎದ್ದು ನಿಂತಿತು.

ಇಪ್ಪತ್ತು ಹೆಜ್ಜೆ ಇತ್ತೇನೋ. ಕೂಗಲು ಬಾಯಿ ತೆರೆದೆ, ಬರೀ ಗಾಳಿ ಬಂತು. ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಮಾವನ ದನಿ ತೇಲಿಬಂತು: "...ಕೊನೆಗೆ ನೋಡಿದ್ರೆ ಕನ್ನಡಕ ಅವಳ ತಲೆ ಮೇಲೇ ಇದೆ ಕಣ್ರೋ."

ಕರಡಿ ಆ ಕಡೆ ತಲೆ ತಿರುಗಿಸಿತು. ಒಮ್ಮೆ ಬುಸ್ಸೆಂದಿತು. ಆ ಕಥೆಯನ್ನು ಮೊದಲೇ ಕೇಳಿದ್ದವರ ಹಾಗೆ ಪೊದೆಯೊಳಗೆ ಹೊರಟುಹೋಯಿತು.

ಮಾವ ಬಂದು ನನ್ನ ಹೆಗಲು ಹಿಡಿದರು. "ಬೆಳದಿಂಗಳಲ್ಲಿ ರಸ್ತೆ ಕಾಣುತ್ತಪ್ಪ, ಪೊದೆ ಒಳಗೆ ಕಾಣಲ್ಲ. ಕತ್ತಲಲ್ಲಿ ಭಯಕ್ಕೆ ನೀವೇ ಕೂಗಾಡ್ತೀರಿ. ಬೆಳಕಿದ್ರೆ ಬೆಕ್ಕಿನ ಹಾಗೆ ಹೋಗ್ತೀರಿ. ನಾವು ಬರ್ತಿರೋದು ಕರಡಿಗೂ ಗೊತ್ತಾಗಬೇಡ್ವಾ?" ಹೆಗಲು ಬಿಟ್ಟು ಸೇರಿಸಿದರು, "ಇಲ್ಲದಿದ್ರೆ ಇಷ್ಟು ಮಾತಾಡೋಕೆ ನನಗೇನು ಹುಚ್ಚಾ?"

ಈಗ ಹುಣ್ಣಿಮೆಯ ಆಸುಪಾಸಿನಲ್ಲಿ ಮಾವನಿಗೆ ವಿಷಯದ ಬರವಿಲ್ಲ. ನಾನು ಹೇಗೆ ಕಂಬದಂತೆ ನಿಂತಿದ್ದೆ, ಹಲ್ಲು ಹೇಗೆ ಕಟಕಟ ಎನ್ನುತ್ತಿತ್ತು ಎಂದು ದಾರಿಯುದ್ದಕ್ಕೂ ಹೇಳುತ್ತಾರೆ. ಇಪ್ಪತ್ತು ಹೆಜ್ಜೆ ಆಗಲೇ ಆರಕ್ಕಿಳಿದಿದೆ. ನಾನು ಅವರ ಪಕ್ಕದಲ್ಲೇ ನಡೆಯುತ್ತೇನೆ. ಅವರು ಉಸಿರೆಳೆದುಕೊಳ್ಳಲು ನಿಲ್ಲಿಸಿದರೆ, ಮುಂದಿನದನ್ನು ನಾನೇ ಜೋರಾಗಿ ಹೇಳುತ್ತೇನೆ.