ಎಡದ ಬಲ್ಬಿಗೆ ಎಡಗಡೆಯವರು

ಚನ್ನಪಟ್ಟಣದ ಹೆದ್ದಾರಿ ಬದಿಯ ಆ ಎಲೆಕ್ಟ್ರಿಷಿಯನ್ ಯಾವ ಅಡಾಪ್ಟರನ್ನೂ ನಂಬುತ್ತಿರಲಿಲ್ಲ. ಟ್ರಾಕ್ಟರಿನ ವೈರನ್ನು ಟ್ರೇಲರಿನ ವೈರಿಗೆ ಕೂಡಿಸುವ ಆ ಪುಟ್ಟ ವಸ್ತುವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ನೋಡೇಬುಡವ" ಅನ್ನುತ್ತಿದ್ದ.

ಅವತ್ತು ನಾವು ಟ್ರೇಲರ್ ತುಂಬ ಜನ ಕಬ್ಬಾಳಮ್ಮನ ಹರಕೆಗೆ ಹೊರಟಿದ್ದೆವು. ಹಿಂದಿನ ದೀಪ ಹತ್ತದಿದ್ದರೆ ಊರಿಗೇ ವಾಪಸು ಎಂದು ಅಪ್ಪ ಅವನ ಅಂಗಡಿ ಮುಂದೆ ನಿಲ್ಲಿಸಿದರು.

ಅವನು ಟ್ರಾಕ್ಟರಿನ ಸೀಟು ಹತ್ತಿ ನಮ್ಮತ್ತ ತಿರುಗಿದ. "ಹಿಂದಕ್ಕೆ ಬಗ್ಗಿ ನೋಡ್ಕಳಿ. ಎಡದ ಬಲ್ಬು ಹತ್ತುದ್ರೆ ಎಡಗಡೆಯೋರು ಕೈ ಎತ್ತಿ, ಬಲದ್ದು ಹತ್ತುದ್ರೆ ಬಲಗಡೆಯೋರು."

ಮೊದಲ ಅಡಾಪ್ಟರ್ ಹಾಕಿ ಎಡದ ಇಂಡಿಕೇಟರ್ ಒತ್ತಿದರೆ ಬಲಗಡೆಯವರು ಕೈ ಎತ್ತಿದರು. ಟ್ರೇಲರಿಗೆ ಟ್ರೇಲರೇ ನಕ್ಕಿತು. ಎರಡನೆಯದು ಹಾಕಿ ಬಲದ್ದು ಒತ್ತಿದಾಗ ಬಲಗಡೆ ಕೂತಿದ್ದ ನಮ್ಮಜ್ಜಿಯ ಕೈ ಮಾತ್ರ ಮೇಲಿತ್ತು. ಅವನು ಇಳಿದು ಬಂದು ನೋಡಿದ.

"ಹತ್ತೇ ಇಲ್ವಲ್ಲ ಅಜ್ಜಿ."

"ಹರಕೆ ತಪ್ಪಬಾರ್ದು ಕಣಪ್ಪ. ನೀನೂ ಹತ್ತೈತೆ ಅಂದ್ಬುಡು."

ಅವನು ಟ್ರೇಲರಿನ ಪಕ್ಕದ ಹಲಗೆ ಹಿಡಿದುಕೊಂಡು ಬಿದ್ದುಬಿದ್ದು ನಕ್ಕ. ಆಮೇಲೆ ಮೂರನೆಯದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. "ನೋಡೇಬುಡವ."

ಈ ಸಲ ಕೈಗಳೆಲ್ಲ ಸರಿಯಾಗಿ ಎದ್ದವು.

ಹೊರಟು ಮೊದಲ ತಿರುವಿನಲ್ಲಿ ಅಪ್ಪ ಎಡದ ಇಂಡಿಕೇಟರ್ ಹಾಕಿದರು. ಎಡಗಡೆಯವರೆಲ್ಲ ನಗುತ್ತ ಕೈ ಎತ್ತಿದೆವು. ತಿರುಗಿ ನೋಡಿದರೆ ಅಂಗಡಿ ಮುಂದೆ ಅವನೂ ಎಡಗೈ ಎತ್ತಿ ನಿಂತಿದ್ದ.