ದಾರದ ಚಿಟ್ಟೆ ಕೂರುತ್ತಿದ್ದ ಮಡು

ನಾನು ಚಿಕ್ಕವನಿದ್ದಾಗ ನಮ್ಮ ಮನೆ ತುಂಬ ಬಟ್ಟೆ ಇರುತ್ತಿತ್ತು. ಅದರಲ್ಲಿ ನಮ್ಮದು ಅನ್ನುವುದು ನಾಲ್ಕೋ ಐದೋ, ಉಳಿದದ್ದೆಲ್ಲ ಗುಬ್ಬಿ ಪೇಟೆಯವರದ್ದು. ಅಪ್ಪ ಊರಿನವರ ಬಟ್ಟೆ ಒಗೆಯುತ್ತಿದ್ದ. ಬೆಳಗಾದರೆ ಕತ್ತೆಯ ಬೆನ್ನಿಗೆ ಗಂಟು ಹೇರಿಕೊಂಡು ಅಪ್ಪ, ಅಕ್ಕ, ನಾನು ಹೊಳೆಗೆ ಹೊರಡುತ್ತಿದ್ದೆವು. ಮೊಮ್ಮಕ್ಕಳೇ, ನಿಮಗಾದರೆ ವಾಷಿಂಗ್ ಮೆಷಿನ್ ಇದೆ. ಅದು ಕುಂಯ್‌ಗುಟ್ಟಿ ನಿಂತ ಮೇಲೆ ಬಟ್ಟೆ ತೆಗೆಯುವುದಕ್ಕೂ ನಿಮ್ಮಮ್ಮ ನಾಲ್ಕು ಸಲ ಕೂಗಬೇಕು.

ಬೇಸಿಗೆಯಲ್ಲಿ ಹೊಳೆ ಹರಿಯುವುದು ನಿಂತು ಅಲ್ಲಲ್ಲಿ ಮಡುಗಳಾಗುತ್ತಿತ್ತು. ನಮ್ಮ ಮಡು ಹೊಂಗೆಮರಗಳ ಕೆಳಗಿತ್ತು. ತಳದ ಒರತೆಯಿಂದ ಸದಾ ನೀರು ಜಿನುಗುತ್ತಿತ್ತು. ಕಾಲಿಟ್ಟರೆ ಮರಳಿನ ಕಣಕಣವೂ ಕಾಣುವಷ್ಟು ತಿಳಿ, ನಡುಮಧ್ಯಾಹ್ನದಲ್ಲೂ ತಣ್ಣಗೆ. ಹೊಂಗೆ ಹೂವು ಉದುರಿ ನೀರಿನ ಮೇಲೆ ಹಾಸಿಕೊಳ್ಳುತ್ತಿತ್ತು. ದಡದಲ್ಲಿ ಅಪ್ಪನ ಉಬ್ಬೆ. ಅಂದರೆ ಸವಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಬೆಯಲ್ಲಿ ಬೇಯಿಸುವ ದೊಡ್ಡ ಹಂಡೆ. ಅದರ ಘಾಟು ನನಗೆ ಈಗಲೂ ಒಮ್ಮೊಮ್ಮೆ ಸುಮ್ಮನೆ ಕೂತಾಗ ಮೂಗಿಗೆ ಬಂದಂತಾಗುತ್ತದೆ.

ಆ ಮಡುವಿನ ಹುಲ್ಲಿನ ಮೇಲೆ ಒಂದು ಬಗೆಯ ಚಿಟ್ಟೆ ಕೂರುತ್ತಿತ್ತು. ನೀವು ಏರೋಪ್ಲೇನ್ ಚಿಟ್ಟೆ ಅನ್ನುತ್ತೀರಲ್ಲ, ಅದರ ಬಳಗದ್ದೇ. ಆದರೆ ಏರೋಪ್ಲೇನ್ ಚಿಟ್ಟೆ ದಪ್ಪ, ಬಿಸಿಲಿನಲ್ಲಿ ರೆಕ್ಕೆ ಚಾಚಿಕೊಂಡು ಜಂಬದಿಂದ ಕೂರುತ್ತದೆ. ಇದು ನೂಲಿನಷ್ಟು ತೆಳ್ಳಗೆ. ನೆರಳಿನಲ್ಲಿ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿಕೊಂಡು ಸದ್ದಿಲ್ಲದೆ ಕೂರುತ್ತಿತ್ತು. ಕೆಲವು ನೀಲಿ, ಕೆಲವಕ್ಕೆ ಕಪ್ಪು ಮೈ ಮೇಲೆ ಕೆಂಪು ಗೆರೆ. ಅಕ್ಕ ಅದಕ್ಕೆ ದಾರದ ಚಿಟ್ಟೆ ಎಂದು ಹೆಸರಿಟ್ಟಿದ್ದಳು. ಕೆಲಸದ ನಡುವೆ ಬಿಡುವಾದರೆ ನೀರಿನ ಮೇಲೆ ಬೆರಳು ಚಾಚಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಒಂದು ಬಂದು ಬೆರಳ ಮೇಲೆ ಕೂರುತ್ತಿತ್ತು. ನನ್ನ ಬೆರಳ ಮೇಲೆ ಒಂದು ದಿನವೂ ಕೂರಲಿಲ್ಲ. ನಾನು ಹತ್ತು ಎಣಿಸುವಷ್ಟರಲ್ಲಿ ಕಿಸಕ್ಕನೆ ನಗುತ್ತಿದ್ದೆ.

ಅಪ್ಪನಿಗೂ ಅವುಗಳಿಂದ ಕೆಲಸವಿತ್ತು. "ದಾರದ ಚಿಟ್ಟೆ ಕೂತಿರೋ ಕಡೆ ಬಿಳೀ ಬಟ್ಟೆ ಅದ್ಬೋದು ಕಣ್ಲಾ. ಅವು ನೀರು ನೋಡಿ ಕೂರ್ತವೆ," ಅನ್ನುತ್ತಿದ್ದ.

ಒಂದು ಸಲ ಪೇಟೆಯ ದೊಡ್ಡ ಮನೆಯೊಂದರಲ್ಲಿ ಮದುವೆ ಬಂತು. ಮದುಮಗಳು ಬಾಗಿಲಿನಿಂದ ಚಪ್ಪರದವರೆಗೆ ನಡೆಯಲು ಬಿಳಿ ಬಟ್ಟೆ ಹಾಸಬೇಕು. ಅದಕ್ಕೆ ನಡೆಮಡಿ ಅನ್ನುತ್ತಾರೆ. ಅದನ್ನು ಹಾಸುವವನು ಅಪ್ಪ. ದಿನವೂ ಹಿತ್ತಲ ಬಾಗಿಲಲ್ಲಿ ಗಂಟು ಇಳಿಸುವ ಅಪ್ಪನಿಗಾಗಿ ಅವತ್ತು ಊರಿಗೆ ಊರೇ ಕಾಯಬೇಕು. ಅವನು ಹಾಸದೆ ಮದುಮಗಳು ಹೆಜ್ಜೆ ಇಡುವಂತಿಲ್ಲ. ಆ ಬಟ್ಟೆಯಲ್ಲಿ ಒಂದು ಕಲೆ ಕಂಡರೆ ಅಪ್ಪ ಮತ್ತೆ ತಲೆ ಎತ್ತಿ ಆ ಬೀದಿಯಲ್ಲಿ ಓಡಾಡುವಂತಿರಲಿಲ್ಲ.

ಮದುವೆಯ ಹಿಂದಿನ ದಿನ ಅಪ್ಪ ಒಗೆದ ಬಟ್ಟೆ ಕೊಡಲು ಪೇಟೆಗೆ ಹೋದ. ಅಕ್ಕ ಉಬ್ಬೆಯ ಒಲೆಗೆ ಸೌದೆ ಒಟ್ಟುತ್ತಿದ್ದಳು. ಬೆಂದ ನಡೆಮಡಿಯನ್ನು ನನ್ನ ಹೆಗಲಿಗೆ ಹಾಕಿ, "ಚಿಟ್ಟೆ ನೋಡ್ಕೊಂಡು ಜಾಲಿಸ್ಕೊಂಡು ಬಾ," ಅಂದಳು. ನಮ್ಮ ಮಡುವಿನಲ್ಲಿ ಅವತ್ತು ಎರಡೋ ಮೂರೋ ದಾರದ ಚಿಟ್ಟೆ ಕೂತಿದ್ದವು. ಮೇಲಿನ ತಿರುವಿನಲ್ಲಿ ಇನ್ನೊಂದು ಮಡು, ಬಟಾಬಯಲು. ಅದರ ಮೇಲೆ ನೂರಾರು ಏರೋಪ್ಲೇನ್ ಚಿಟ್ಟೆಗಳು ಹಾರುತ್ತಿದ್ದವು. ನನ್ನ ಲೆಕ್ಕ ಸರಳವಾಗಿತ್ತು. ಎರಡು ಚಿಟ್ಟೆಯ ನೀರೇ ಒಳ್ಳೆಯದಾದರೆ ನೂರು ಚಿಟ್ಟೆಯದ್ದು ಇನ್ನೆಷ್ಟು ಒಳ್ಳೆಯದು? ಹೋಗಿ ಅಲ್ಲೇ ಅದ್ದಿದೆ. ಕಾಲಿಗೆ ಕೆಸರು ಮೆತ್ತಿತು, ನೀರು ಏನೋ ವಾಸನೆ ಹೊಡೆಯಿತು. ಆದರೂ ಬುದ್ಧಿ ಬರಲಿಲ್ಲ. ಹುಡುಗು ಬುದ್ಧಿ ಅನ್ನುವುದು ಇದಕ್ಕೇ.

ಬಟ್ಟೆ ಮೇಲೆತ್ತಿದರೆ ಬೂದಿ ಬಣ್ಣ. ಅಕ್ಕ ನೋಡಿದವಳು ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು. ಅಷ್ಟರಲ್ಲಿ ಅಪ್ಪ ಬಂದ. ಬಟ್ಟೆಯನ್ನು ಮೂಗಿಗೆ ಹಿಡಿದು, "ಎಲ್ಲಿ ಅದ್ದಿದ್ಲಾ?" ಅಂದ.

ನಾನು ಅಳುತ್ತಲೇ ತಿರುವಿನ ಕಡೆ ಕೈ ತೋರಿಸಿದೆ. "ಅಲ್ಲಿ ಸಾವಿರ ಚಿಟ್ಟೆ ಇದ್ವು ಅಪ್ಪ."

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ಲಾ. ಆ ದಪ್ಪನವು ಬಚ್ಚಲ ಗುಂಡಿ ಮೇಲೂ ಹಾರ್ತವೆ."

ಏಟು ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದ್ದೆ. ಬೀಳಲಿಲ್ಲ. ಅಪ್ಪ ತಿರುವಿನ ಮಡುವಿಗೆ ನಡೆದ, ನಾನು ಹಿಂದೆ ಹೋದೆ. ಪೇಟೆಯ ಕಡೆಯಿಂದ ಹೊಸದಾಗಿ ತೋಡಿದ ಚರಂಡಿಯೊಂದು ಅಲ್ಲಿಗೆ ಬಂದು ಬೀಳುತ್ತಿತ್ತು. ಅಪ್ಪ ಬಗ್ಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿ ಚೆಲ್ಲಿದ. ಆಮೇಲೆ, "ನಿನ್ನ ತಪ್ಪಲ್ಲ ಬುಡು. ಮಳೆ ಬಿದ್ರೆ ಇದೇ ನೀರು ನಮ್ಮ ಮಡುಗೂ ಬತ್ತದೆ," ಅಂದ. ಅಪ್ಪ ಕಲೆಗೆ ಹೆದರುವುದನ್ನು ನೋಡಿದ್ದೆ, ನೀರಿಗೆ ಹೆದರಿದ್ದು ಅವತ್ತೇ ಮೊದಲು.

ಮತ್ತೆ ಸವಳು, ಮತ್ತೆ ಉಬ್ಬೆ. ಸೌದೆ ಮುಗಿದಾಗ ಅಕ್ಕ ತರಗೆಲೆ ಬಳಿದು ತಂದು ಒಲೆಗೆ ತುಂಬಿದಳು. ಹೊತ್ತು ಮುಳುಗುವ ಮುಂಚೆ ಮೂವರೂ ಸೇರಿ ಹೊಂಗೆಯ ನೆರಳಿನ ನೀರಿನಲ್ಲಿ ಜಾಲಿಸಿ, ಇನ್ನೂ ಬಿಸಿಯಾಗಿದ್ದ ಮರಳಿನ ಮೇಲೆ ಹರವಿದೆವು. ಬೆಳಿಗ್ಗೆ ನೋಡಿದರೆ ಒಂದು ಮೂಲೆ ಬಿಟ್ಟು ಉಳಿದದ್ದೆಲ್ಲ ಬೆಳ್ಳಗಾಗಿತ್ತು. ಅಪ್ಪ ಹಾಸುವಾಗ ಆ ಮೂಲೆಯನ್ನು ಮೆಲ್ಲನೆ ಒಳಕ್ಕೆ ಮಡಿಚಿದ. ಮದುಮಗಳು ನಡೆದು ಹೋದಳು. ಮಡಿಚಿದ್ದನ್ನು ಕಂಡವರು ಅಕ್ಕ ಮತ್ತು ನಾನು ಮಾತ್ರ.

ಅಪ್ಪ ಹೇಳಿದಂತೆಯೇ ಆಯಿತು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಮಡುವಿನ ನೀರೂ ಕದಡಿತು. ದಡದ ಹೊಂಗೆಮರಗಳನ್ನು ರಸ್ತೆಗೆಂದು ಕಡಿದರು. ನೆರಳು ಹೋಯಿತು, ದಾರದ ಚಿಟ್ಟೆಗಳೂ ಹೋದವು. ಅಪ್ಪ ತುಮಕೂರಿಗೆ ಬಂದು ಇಸ್ತ್ರಿ ಅಂಗಡಿ ಇಟ್ಟ. ಅಕ್ಕನನ್ನು ಕುಣಿಗಲ್ ಕಡೆಯ ಕೊತ್ತಗೆರೆಗೆ ಕೊಟ್ಟರು.

ಹೋದ ತಿಂಗಳು ನಿಮ್ಮನ್ನು ಇಲ್ಲಿ ತುಮಕೂರಿನ ಬಟವಾಡಿಯಿಂದ ಬಸ್ಸು ಹತ್ತಿಸಿ ಆ ಹೊಳೆ ತೋರಿಸಲು ಕರೆದುಕೊಂಡು ಹೋದೆನಲ್ಲ. ಸೇತುವೆಯ ಮೇಲೆ ನಿಂತಿದ್ದೆವು. ಒಂದು ಕಡೆ ಲೇಔಟು, ಇನ್ನೊಂದು ಕಡೆ ಕಾಂಕ್ರೀಟ್ ಗೋಡೆ, ಕೆಳಗೆ ಬೂದು ನೀರು. ಮೇಲೆ ಏರೋಪ್ಲೇನ್ ಚಿಟ್ಟೆಗಳು ಸಂತೆ ನೆರೆದ ಹಾಗೆ ಹಾರುತ್ತಿದ್ದವು. ನೀವು ಕುಣಿದಾಡಿದಿರಿ. ನಾನು ಗೋಡೆಯ ಬುಡದ ಒಂದೊಂದು ಹುಲ್ಲುಕಡ್ಡಿಯನ್ನೂ ಹುಡುಕುತ್ತಿದ್ದೆ. ನಿಮಗೆ ಅದು ಗೊತ್ತಾಗಲಿಲ್ಲ. ನಮ್ಮ ಹೊಳೆಯಲ್ಲಿ ಎರಡು ಬಗೆ ಇತ್ತು. ನಿಮ್ಮದರಲ್ಲಿ ಉಳಿದಿರುವುದು ಒಂದೇ ಬಗೆ, ನೀವು ಅದನ್ನೇ ಪೂರ್ತಿ ಅಂದುಕೊಂಡು ಸಂತೋಷಪಡುತ್ತೀರಿ.

ಅದೇ ಹೊತ್ತಿಗೆ ಕೊತ್ತಗೆರೆಯಿಂದ ಅಕ್ಕನ ಫೋನ್ ಬಂತು. ಅವಳಿಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ನಾವು ಹೊಳೆಗೆ ಹೋಗುವುದನ್ನು ಮುಂಚೆಯೇ ಹೇಳಿದ್ದೆ.

"ಚಿಟ್ಟೆ ಇದಾವೇನ್ಲಾ?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ನಿಮ್ಮಲ್ಲೊಬ್ಬರು ಫೋನ್ ಕಿತ್ತುಕೊಂಡು ಸ್ಪೀಕರ್ ಹಾಕಿ, "ಅಜ್ಜಿ, ನೂರಾರು ಇದಾವೆ," ಅಂದರು.

ಅಕ್ಕ ನಕ್ಕಳು. ಎಷ್ಟು ವರ್ಷವಾಗಿತ್ತೋ ಆ ನಗು ಕೇಳಿ. "ಹಂಗಾದ್ರೆ ನಮ್ಮ ಮಡು ನೀರು ತಿಳಿಯಾಗೈತೆ ಕಣೋ," ಅಂದಳು. ಫೋನ್ ನನ್ನ ಕೈಗೆ ಬಂದಾಗ ನಾನು ಹೂಂ ಅಂದೆ.

ಅವತ್ತು ನಿಮಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನೀವು ಓದಿಕೊಳ್ಳಿ, ನಿಮ್ಮ ಗೆಳೆಯರಿಗೂ ಓದಿ ಹೇಳಿ. ಅಕ್ಕನಿಗೆ ಮಾತ್ರ ಓದಿ ಹೇಳಬೇಡಿ.