ಅತ್ತೆ ಜಾಝ್ ಕೇಳಿದ ಸಂಜೆ

ನಿನ್ನೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಿಲ್ಸ್‌ಬರೋ ಅಡುಗೆಮನೆ ಮಾಯವಾಗಿ ಆಕ್ಲೆಂಡ್ ಪೇಟೆಯ ನೆಲಮಾಳಿಗೆಯ ಪುಟ್ಟ ಕ್ಲಬ್ಬೊಂದು ಕಣ್ಣೆದುರು ನಿಂತಿತು. ನಿಂಬೆಗೂ ಕ್ಲಬ್ಬಿಗೂ ಏನು ನಂಟು ಎನ್ನುತ್ತೀರಾ? ಸುಮಾರು ಹತ್ತು ವರ್ಷದ ಹಿಂದೆ ಅಲ್ಲಿ ನನ್ನ ಅತ್ತೆಗೆ ನಿಂಬೆ ಪಾನಕ ಕೊಡಿಸಿದ್ದೆ.

ಅತ್ತೆ, ಎಂದರೆ ನನ್ನ ಗಂಡನ ತಾಯಿ, ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಮಾತು ಕಡಿಮೆ. ಅವರು ಪಕ್ಕದಲ್ಲಿ ನಿಂತರೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿಬಿಡುತ್ತಿದ್ದೆ. ಪಾಪ, ಒಂದು ದಿನವೂ ಏನೂ ಅಂದವರಲ್ಲ. ಅನ್ನದೇ ಇದ್ದದ್ದೇ ನನಗೆ ಹೆದರಿಕೆ.

ಮನುಕಾವ್‌ನ ನನ್ನ ಆಫೀಸಿನ ಗೆಳತಿ ಲೂಸಿಯಾ ಬ್ರೆಜಿಲ್‌ನವಳು. ಅವಳ ತಮ್ಮ ಡ್ರಮ್ ಬಾರಿಸುವ ನಾಲ್ವರ ಜಾಝ್ ತಂಡ ಊರಿಗೆ ಬಂದಿತ್ತು. ಎರಡು ಟಿಕೆಟ್ ಕೈಗಿಟ್ಟಳು. ಅದೇ ದಿನ ಗಂಡ ಕೆಲಸದ ಮೇಲೆ ವೆಲಿಂಗ್ಟನ್‌ಗೆ ಹೊರಟು ನಿಂತ. "ಅಮ್ಮನ್ನ ಕರ್ಕೊಂಡು ಹೋಗು" ಎಂದ, ದೇವಸ್ಥಾನಕ್ಕೆ ಎಂಬಷ್ಟು ಸಲೀಸಾಗಿ.

ರೇಷ್ಮೆ ಸೀರೆ, ಮೇಲೆ ನನ್ನ ದಪ್ಪ ಕೋಟು, ಕಾಲಿಗೆ ನನ್ನ ಗಂಡನ ಹಳೆಯ ಶೂ. ಅತ್ತೆ ಕಡಿದಾದ ಮೆಟ್ಟಿಲಿಳಿದರು. ಒಳಗೆ ಮಂದ ಬೆಳಕು, ಬಿಯರ್ ವಾಸನೆ. ಲೂಸಿಯಾ ಮತ್ತು ಆಫೀಸಿನ ಇನ್ನಿಬ್ಬರು ಆಗಲೇ ಬಂದು ಕೂತಿದ್ದರು. ಪಾನಕದ ಲೋಟ ಅವರ ಮುಂದಿಟ್ಟು, ಮನೆಗೆ ಹೋದ ಮೇಲೆ ಏನು ಸಮಜಾಯಿಷಿ ಕೊಡಲಿ ಎಂದು ಯೋಚಿಸತೊಡಗಿದೆ.

ಮೊದಲೆರಡು ಹಾಡಿಗೆ ಅತ್ತೆ ಕದಲಲಿಲ್ಲ. ಮೂರನೆಯದು ಶುರುವಾಯಿತು ನೋಡಿ, ಕುಂಟುತ್ತಲೇ ಓಡುವಂಥ ನಡೆ! ಜನ ಚಪ್ಪಾಳೆ ಹಾಕಲು ಹೋಗಿ ತಪ್ಪಿದರು, ನಾನೂ ತಪ್ಪಿದೆ. ಅತ್ತೆಯ ಕೈ ಮಾತ್ರ ತೊಡೆಯ ಮೇಲೆ ಸರಿಯಾಗಿ ಬೀಳುತ್ತಿತ್ತು.

"ಏಳಕ್ಷರ ಕಣೇ! ಮಿಶ್ರಛಾಪು ತಾಳ!" ಎಂದು ನನ್ನ ತೋಳು ಹಿಡಿದರು. ನನ್ನನ್ನು "ಕಣೇ" ಎಂದದ್ದು ಅದೇ ಮೊದಲು. "ಅಣ್ಣಂಗೆ ಮೃದಂಗದ ಪಾಠ ಆಗ್ತಿತ್ತು. ನಾನು ಬಾಗಿಲ ಹಿಂದೆ ಕೂತೇ ಕಲ್ತ್ಬಿಟ್ಟೆ. ಯಾರಿಗೂ ಹೇಳ್ಲಿಲ್ಲ."

ಡ್ರಮ್ಮಿನ ಹುಡುಗ ಅವರ ಕೈ ನೋಡಿಬಿಟ್ಟಿದ್ದ. ಪಿಯಾನೊ, ಕೊಳಲು, ಬೇಸ್ ಮೂವರನ್ನೂ ಕಣ್ಸನ್ನೆಯಲ್ಲಿ ನಿಲ್ಲಿಸಿ, ಅತ್ತೆಯ ಕಡೆ ತಿರುಗಿ ಒಂದು ಆವರ್ತ ಬಾರಿಸಿ, ಕಾದ.

ಅತ್ತೆ ಎದ್ದು ನಿಂತರು. "ತಕಿಟ ತಕಧಿಮಿ, ತಕಿಟ ತಕಧಿಮಿ!"

ಅವನು ಅದನ್ನೇ ಡ್ರಮ್ಮಿನಲ್ಲಿ ನುಡಿಸಿದ. ಇವರು ವೇಗ ಏರಿಸಿದರು, ಅವನೂ ಏರಿಸಿದ. ನಡುವೆ ಒಮ್ಮೆ ಅತ್ತೆ ತೊದಲಿದರು. ಅವರನ್ನು ಕೂರಿಸಲೆಂದು ನಾನು ಅರ್ಧ ಎದ್ದೆ. ಅವರೋ ನಕ್ಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಹಿಡಿದರು. ಕೊನೆಯ ಪೆಟ್ಟಿಗೆ ಇಬ್ಬರೂ ಒಟ್ಟಿಗೆ ಬಂದು ನಿಂತಾಗ ಲೂಸಿಯಾ ಕುರ್ಚಿ ಹತ್ತಿ ಕೂಗುತ್ತಿದ್ದಳು. ನಾನು? ಪಾನಕ ಚೆಲ್ಲಿದ್ದೆ, ಅಳುತ್ತಿದ್ದೆ, ಶಿಳ್ಳೆ ಹೊಡೆಯುತ್ತಿದ್ದೆ. ನನಗೆ ಶಿಳ್ಳೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ!

ನಿನ್ನೆ ಅನ್ನ ಆರಲು ಬಿಟ್ಟು ಮೈಸೂರಿಗೆ ಫೋನ್ ಮಾಡಿದೆ. "ಅವತ್ತು ಅಷ್ಟು ಜನದ ಮುಂದೆ ನಿಮಗೆ ಭಯ ಆಗ್ಲಿಲ್ವಾ ಅತ್ತೆ?"

"ಜನಕ್ಕೆ ಯಾಕೆ ಹೆದರ್ಲಿ? ನೀನು ಪಕ್ಕದಲ್ಲಿದ್ಯಲ್ಲ, ಅದೇ ಭಯ. ಓದಿದ ಸೊಸೆ, ಆಫೀಸಿನವರ ಮುಂದೆ ಅವಳ ಮಾನ ಕಳೀತಿದ್ದೀನೇನೋ ಅಂತ. ನಿನ್ನ ಶಿಳ್ಳೆ ಕೇಳಿದ್ಮೇಲೇ ಕಣೇ ನಂಗೆ ಜೀವ ಬಂದಿದ್ದು."

"ಅಂದ್ರೆ, ಒಂದೇ ಮನೇಲಿ ನಾವಿಬ್ರೂ ಒಬ್ಬರಿಗೊಬ್ಬರು ಹೆದರ್ಕೊಂಡು ಕೂತಿದ್ವಾ?"

ಆ ಕಡೆ ಅತ್ತೆ ನಗಲು ಶುರುಮಾಡಿದರು, ಈ ಕಡೆ ನಾನು. ಅನ್ನ ಆರಿ ತಣ್ಣಗಾಯಿತು, ಇಬ್ಬರೂ ಫೋನಿಡಲಿಲ್ಲ.